ಅರಿವು ಆಚಾರವಾಗುವ ಬಗೆ

ಮನುಷ್ಯನು ಮಾಡಬೇಕಾದುದನ್ನು ಮಾಡದಿರುವುದಕ್ಕೆ ಎರಡು ಕಾರಣಗಳಿರಬಹುದು. ಮಾಡಬೇಕಾದುದು ಯಾವುದೆಂಬುದು ಅವನಿಗೆ ತಿಳಿಯದಿರಬಹುದು. ಇಲ್ಲವೆ, ತಿಳಿದಿದ್ದೂ ಅದು ಅವನಿಂದ ಆಗದಿರಬಹುದು. ಮೊದಲನೆಯದಕ್ಕೆ ಮದ್ದು ಸುಲಭವಾದುದು. ಬಲ್ಲವರು ತಿಳಿಯಹೇಳಿದರೆ ಸಾಕು. ಎರಡನೆಯದರ ಮದ್ದು ಅಷ್ಟು ಸುಲಭವಲ್ಲ. ಬಲ್ಲವನಿಗೆ ಮತ್ತೆ ಮತ್ತೆ ತಿಳಿಯಹೇಳುವುದು ಉಂಡವನಿಗೆ ಮತ್ತೆ ಮತ್ತೆ ಬಡಿಸಿದಂತೆ ವ್ಯರ್ಥವಾಗುವುದು. ಅರಿವಿಗೂ ಆಚಾರಕ್ಕೂ ನಡುವಣ ಈ ಕಂದಕವು ಧರ್ಮಜಿಜ್ಞಾಸೆಯಷ್ಟೇ ಹಳೆಯದು. ಅದನ್ನು ದಾಟುವ ಬಗೆ ಯಾವುದು? ದಾಟಲಾರದವನನ್ನು ದೂಷಿಸುವುದು ನ್ಯಾಯವೆ?

ಈ ಪ್ರಶ್ನೆಗಳನ್ನು ಬರಿಯ ತರ್ಕದಿಂದ ಬಿಡಿಸಹೊರಟರೆ ಮಾತು ಮಾತಿಗೆ ತೊಡರಿಕೊಳ್ಳುವುದೇ ಹೆಚ್ಚು. ಜೀವನದ ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಉಚಿತ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ತುತ್ತಾಗಿ, ಚಿಕಿತ್ಸೆ ಪಡೆದು, ಬದುಕಿ ಉಳಿದಿರುವ ಪುರುಷರ ಸ್ಥಿತಿಯು ಅಂತಹ ನಿದರ್ಶನಗಳಲ್ಲೊಂದು. ನಡಿಗೆಯೇ ಮೊದಲಾದ ವ್ಯಾಯಾಮವು ಅವರಿಗೆ ಹಿತಕರವೆಂದು ಇಂದಿನ ವೈದ್ಯಶಾಸ್ತ್ರವು ಒತ್ತಿ ಹೇಳುತ್ತಿದೆ. ಅದು ಹಿತವೆಂಬುದನ್ನು ಅವರಲ್ಲಿ ಅನೇಕರು ಬಲ್ಲರು. ಅದರಲ್ಲಿ ನಂಬಿಕೆಯೂ ಉಂಟು. ಸಾವಿನ ಮುಖವನ್ನು ಹತ್ತಿರದಿಂದ ಕಂಡು ಬಂದವರಾದುದರಿಂದ ಬದುಕಿನ ಬೆಲೆಯೂ ಗೊತ್ತುಂಟು. ಆದರೂ ಅವರಲ್ಲಿ ಬಹುಮಂದಿ ಹೇಳಿದಷ್ಟು ವ್ಯಾಯಾಮ ಮಾಡುವುದಿಲ್ಲ. ಪ್ರಾಣದ ಪ್ರಶ್ನೆಯೇ ಎದುರಿಗಿರುವಾಗಲೂ ಅರಿವು ಆಚಾರವಾಗದಿದ್ದರೆ ಅದಕ್ಕೆ ಏನು ಕಾರಣವಿರಬಹುದು?

ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ, ಅಕ್ರೋಟಿನ ಗಾತ್ರದ ಒಂದು ಗ್ರಂಥಿ. ಪುರುಷರಲ್ಲಿ ಮಾತ್ರ ಇರುವಂತಹುದು. ವಯಸ್ಸು ಏರಿದಂತೆ ಇದರಲ್ಲಿ ಅರ್ಬುದವು ತಲೆದೋರುವ ಸಂಭವವೂ ಏರುತ್ತದೆ. 2022ರಲ್ಲಿ ಜಗತ್ತಿನಲ್ಲಿ ಸುಮಾರು 14 ಲಕ್ಷ 70 ಸಾವಿರ ಮಂದಿಗೆ ಈ ರೋಗವು ಹೊಸದಾಗಿ ಕಂಡುಬಂದಿತೆಂದೂ, ಸುಮಾರು 4 ಲಕ್ಷ ಮಂದಿ ಇದರಿಂದ ತೀರಿಕೊಂಡರೆಂದೂ ಅಂದಾಜು. ಮುಪ್ಪಿನವರೆಗೆ ಬದುಕುವವರ ಸಂಖ್ಯೆ ಬೆಳೆಯುತ್ತಿರುವುದರಿಂದ 2040ರ ವೇಳೆಗೆ ಹೊಸ ರೋಗಿಗಳ ವಾರ್ಷಿಕ ಸಂಖ್ಯೆ 29 ಲಕ್ಷವನ್ನು ಮುಟ್ಟೀತೆಂದು ಲ್ಯಾನ್ಸೆಟ್ ಪತ್ರಿಕೆಯ ಆಯೋಗವು 2024ರಲ್ಲಿ ಎಚ್ಚರಿಸಿತು. ಆದರೆ ಈ ಎರಡು ಅಂಕಗಳ ಅಂತರವನ್ನು ಗಮನಿಸಬೇಕು. ರೋಗ ತಗುಲಿದವರ ಸಂಖ್ಯೆಗಿಂತ ಅದರಿಂದ ಸಾಯುವವರ ಸಂಖ್ಯೆ ಬಹಳ ಕಡಮೆ. ಈ ಅರ್ಬುದವು ಅನೇಕರಲ್ಲಿ ಮೆಲ್ಲಗೆ ಬೆಳೆಯುವಂತಹುದು. ಚಿಕಿತ್ಸೆಯಾದ ಬಳಿಕ ಹತ್ತು, ಹದಿನೈದು, ಇಪ್ಪತ್ತು ವರ್ಷ ಬಾಳುವವರು ಲಕ್ಷಾಂತರ ಮಂದಿ ಇದ್ದಾರೆ. ಅವರಲ್ಲಿ ಬಹಳ ಜನ ಕೊನೆಗೆ ತೀರಿಕೊಳ್ಳುವುದು ಹೃದ್ರೋಗವೇ ಮೊದಲಾದ ಬೇರೆ ಕಾರಣಗಳಿಂದ.

ಹೀಗೆ ಉಳಿದವನ ಸ್ಥಿತಿಯು ವಿಚಿತ್ರವಾದುದು. ಅವನು ರೋಗಿಯೂ ಅಲ್ಲ, ಪೂರ್ಣ ನೀರೋಗಿಯೂ ಅಲ್ಲ. ಕೆಲವು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಿ, ಪಿ.ಎಸ್.ಎ. ಎಂಬ ಒಂದು ಅಂಕವು ಏರಿತೋ ಇಳಿಯಿತೋ ಎಂದು ಕಾಯುವುದು ಅವನ ಪಾಲಿಗೆ ಬಂದಿರುತ್ತದೆ. ಚಿಕಿತ್ಸೆಯು ರೋಗವನ್ನು ತಗ್ಗಿಸುವುದರೊಡನೆ ತನ್ನ ಗುರುತುಗಳನ್ನೂ ಬಿಟ್ಟುಹೋಗುತ್ತದೆ. ಶಸ್ತ್ರಚಿಕಿತ್ಸೆಯಾದವರಿಗೆ ಕೆಲವು ಕಾಲ, ಕೆಲವರಿಗೆ ಬಹುಕಾಲ, ಮೂತ್ರವನ್ನು ತಡೆಹಿಡಿಯುವ ಶಕ್ತಿ ಕುಂದುವುದುಂಟು. ಈ ಗ್ರಂಥಿಯ ಅರ್ಬುದಕ್ಕೆ ಪುರುಷಹಾರ್ಮೋನೇ ಗೊಬ್ಬರವಿದ್ದಂತೆ ಎಂಬುದನ್ನು ಚಿಕಾಗೋ ನಗರದ ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯವಿಜ್ಞಾನಿಯು 1941ರಲ್ಲಿ ತೋರಿಸಿಕೊಟ್ಟನು. ಅದಕ್ಕಾಗಿ 1966ರಲ್ಲಿ ನೊಬೆಲ್ ಪಾರಿತೋಷಕವನ್ನೂ ಪಡೆದನು. ಅಂದಿನಿಂದ ಆ ಹಾರ್ಮೋನನ್ನು ಅಡಗಿಸುವುದು ಬೆಳೆದ ರೋಗಕ್ಕೆ ಮುಖ್ಯ ಚಿಕಿತ್ಸೆಯಾಗಿದೆ. ಇದು ಪ್ರಾಣವನ್ನು ಉಳಿಸುವುದು ದಿಟ. ಆದರೆ ಮಾಂಸಖಂಡಗಳು ಕರಗುವುದು, ಕೊಬ್ಬು ಹೆಚ್ಚುವುದು, ಮೂಳೆ ಸವೆಯುವುದು, ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು, ಹೇಳಲಾರದ ದಣಿವು, ಮನಸ್ಸಿಗೆ ಮಂಕು ಎಂಬ ತೆರಿಗೆಗಳನ್ನು ಅದು ವಸೂಲುಮಾಡುವುದೂ ದಿಟ.

ಮೈ ದಣಿದಿದೆ, ಆದುದರಿಂದ ಮಲಗು ಎಂಬುದೇ ಹಿಂದೆ ಇಂತಹವರಿಗೆ ದೊರೆಯುತ್ತಿದ್ದ ಉಪದೇಶ. ಈಗ ಅದು ಬದಲಾಗಿದೆ. ದೇಹಶ್ರಮಕ್ಕೂ ಆರೋಗ್ಯಕ್ಕೂ ಇರುವ ನಂಟನ್ನು ಎಣಿಕೆಯಿಂದ ತೋರಿಸಿದವರಲ್ಲಿ ಜೆರಿ ಮೋರಿಸ್ ಎಂಬ ಆಂಗ್ಲ ವೈದ್ಯನು ಮೊದಲಿಗರಲ್ಲೊಬ್ಬನು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಿಗೆ ಹೃದ್ರೋಗವು ಕಡಮೆಯೆಂಬುದನ್ನು ಅವನು 1953ರಲ್ಲಿ ಪ್ರಕಟಿಸಿದನು. ಅದು ಹೃದಯದ ಮಾತಾಯಿತು. ಪ್ರಾಸ್ಟೇಟ್ ಕ್ಯಾನ್ಸರಿನವರ ವಿಷಯದಲ್ಲಿ 2003ರಲ್ಲಿ ಕೆನಡಾ ದೇಶದಿಂದ ಒಂದು ಮುಖ್ಯ ಪ್ರಯೋಗದ ಫಲಿತಾಂಶ ಹೊರಬಂದಿತು. ಹಾರ್ಮೋನು ಅಡಗಿಸುವ ಚಿಕಿತ್ಸೆಯಲ್ಲಿದ್ದ 155 ಮಂದಿಯಲ್ಲಿ ಒಂದು ಭಾಗದವರಿಗೆ ವಾರಕ್ಕೆ ಮೂರು ಬಾರಿಯಂತೆ ಹನ್ನೆರಡು ವಾರ ಭಾರವೆತ್ತುವ ವ್ಯಾಯಾಮವನ್ನು ಮಾಡಿಸಲಾಯಿತು. ದಣಿವು ಹೆಚ್ಚೀತೆಂದು ಭಯಪಡುವುದು ಸಹಜ. ಆದರೆ ವ್ಯಾಯಾಮ ಮಾಡಿದವರ ದಣಿವೇ ಕಡಮೆಯಾಯಿತು. ಶ್ರಮದಿಂದಲೇ ಶ್ರಮಪರಿಹಾರ ಎಂಬ ವಿರೋಧಾಭಾಸವು ಇಲ್ಲಿ ಅನುಭವಸಿದ್ಧವಾಯಿತು.

ಅಮೆರಿಕದಲ್ಲಿ ದಂತವೈದ್ಯರು, ಔಷಧ ತಯಾರಕರು, ಪಶುವೈದ್ಯರು ಮೊದಲಾದ ಪುರುಷರನ್ನು ಹಲವು ವರ್ಷ ಅನುಸರಿಸಿ ನೋಡಿದ ಒಂದು ದೊಡ್ಡ ಅಧ್ಯಯನವುಂಟು. ಅದರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿದ್ದ, ಆದರೆ ಅದು ಬೇರೆಡೆಗೆ ಹರಡದಿದ್ದ, 2,705 ಮಂದಿಯ ವೃತ್ತಾಂತವು 2011ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಹುರುಪಿನ ವ್ಯಾಯಾಮ ಮಾಡುತ್ತಿದ್ದವರಲ್ಲಿ ಆ ರೋಗದಿಂದ ಸಾಯುವ ಸಂಭವವು, ಒಂದು ಗಂಟೆಗಿಂತ ಕಡಮೆ ಮಾಡುತ್ತಿದ್ದವರಿಗೆ ಹೋಲಿಸಿದರೆ, ಶೇಕಡಾ 61ರಷ್ಟು ಕಡಮೆಯಿದ್ದಿತು. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ 1,455 ಮಂದಿಯನ್ನು ಪರಿಶೀಲಿಸಲಾಗಿ, ವಾರಕ್ಕೆ ಮೂರು ಗಂಟೆಯಾದರೂ ಚುರುಕಾಗಿ ನಡೆಯುತ್ತಿದ್ದವರಲ್ಲಿ, ಮೆಲ್ಲಗೆ ಸ್ವಲ್ಪವೇ ನಡೆಯುತ್ತಿದ್ದವರಿಗಿಂತ, ರೋಗವು ಮುಂದುವರಿಯುವುದು ಶೇಕಡಾ 57ರಷ್ಟು ಕಡಮೆಯೆಂದು ಕಂಡಿತು.

ಇಂತಹ ಅಂಕಗಳನ್ನು ಕೇಳಿ ಉಬ್ಬುವ ಮೊದಲು ವಿವೇಕಿಯು ಒಂದು ಶಂಕೆಯನ್ನೆತ್ತಬೇಕು. ನಡೆದುದರಿಂದ ಅವರು ಚೆನ್ನಾಗಿದ್ದರೋ, ಚೆನ್ನಾಗಿದ್ದುದರಿಂದ ನಡೆದರೋ? ಒಳಗೇ ರೋಗ ಬಲಿಯುತ್ತಿರುವವನು ತನಗರಿವಿಲ್ಲದೆಯೇ ನಡಿಗೆಯನ್ನು ತಗ್ಗಿಸಿರಬಹುದು. ಅಧ್ಯಯನ ಮಾಡಿದವರೂ ಈ ಶಂಕೆಯನ್ನು ಬಲ್ಲವರೇ; ಅದನ್ನು ಕಳೆಯಲು ಯತ್ನಿಸಿದವರೇ. ಆದರೂ ದೂರದಿಂದ ನೋಡಿ ಎಣಿಸಿದ ಲೆಕ್ಕದಲ್ಲಿ ಅದು ಪೂರ್ತಿ ಕಳೆಯುವುದಿಲ್ಲ. ವ್ಯಾಯಾಮವು ಈ ಅರ್ಬುದವನ್ನು ತಡೆದೇ ತಡೆಯುವುದೆಂದು ಸಾರುವುದು ಸತ್ಯಕ್ಕೆ ದೂರ. ದಣಿವು, ದೌರ್ಬಲ್ಯ, ಮನಸ್ಸಿನ ಕುಗ್ಗು ಇವುಗಳನ್ನು ತಗ್ಗಿಸುವುದೆಂಬುದು ಮಾತ್ರ ಪ್ರಯೋಗಗಳಿಂದ ದೃಢಪಟ್ಟ ಮಾತು. ಅಮೆರಿಕದ ಕ್ರೀಡಾವೈದ್ಯ ಸಂಸ್ಥೆಯು ಅನೇಕ ದೇಶಗಳ ತಜ್ಞರನ್ನು 2018ರಲ್ಲಿ ಕೂಡಿಸಿ 2019ರಲ್ಲಿ ಪ್ರಕಟಿಸಿದ ಸೂತ್ರವೂ ಮಿತವಾದುದೇ: ವಾರಕ್ಕೆ ಮೂರು ದಿನ ಅರ್ಧ ಗಂಟೆಯ ಚುರುಕಾದ ನಡಿಗೆ ಅಥವಾ ಅಂತಹ ಶ್ರಮ; ವಾರಕ್ಕೆ ಎರಡು ದಿನ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮ. ಇದು ಮಲ್ಲರ ಗರಡಿಯ ಸಾಧನೆಯಲ್ಲ. ವಯಸ್ಸಾದವರೂ ಮೆಲ್ಲಮೆಲ್ಲನೆ ಹತ್ತಬಹುದಾದ ಮೆಟ್ಟಿಲು.

ಹೀಗಿರಲು ಹತ್ತದಿರುವುದೇಕೆ? ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಅವನಿಗೆ ಅರವತ್ತೆಂಟು ವಯಸ್ಸು. ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ. ಆಸ್ಪತ್ರೆಯಿಂದ ಮರಳಿದ ಮೊದಲ ತಿಂಗಳುಗಳಲ್ಲಿ ಬೆಳಗಾಗೆದ್ದು ನಡೆಯುತ್ತಿದ್ದನು. ಒಂದು ದಿನ ದಾರಿಯಲ್ಲಿ ಮೂತ್ರ ತಡೆಯದೆ ಪಂಚೆ ನೆನೆಯಿತು. ಅಂದಿನಿಂದ ಪರಿಚಿತರ ಬೀದಿಯಲ್ಲಿ ಹೋಗಲು ಅಂಜಿಕೆ. ದಣಿವೆಂದು ಹೇಳಿದಾಗ ಹೆಂಡತಿಯು, “ನಿಮಗೇನು ಹುಡುಗಾಟವೆ? ಸುಮ್ಮನೆ ಮಲಗಿರಬಾರದೆ?” ಎಂದಳು. ಅದು ಪ್ರೀತಿಯ ಮಾತೇ. ಮಗನು ಕೊಂಡುತಂದ ಹೊಸ ಪಾದರಕ್ಷೆಗಳು ಬಾಗಿಲ ಮೂಲೆಯಲ್ಲಿವೆ. ನಡೆಯಬೇಕೆಂದು ವೈದ್ಯನು ಹೇಳಿದುದು ಅವನಿಗೆ ನೆನಪಿದೆ. ನಾಳೆಯಿಂದ ಎಂದು ಪ್ರತಿರಾತ್ರಿಯೂ ನಿಶ್ಚಯಿಸುವನು. ಆ ನಾಳೆಯು ಮಾತ್ರ ಬರುವುದಿಲ್ಲ. ಇವನನ್ನು ಸೋಮಾರಿಯೆಂದು ಕರೆದರೆ ಮಾತು ಮುಗಿಯಿತು, ಆದರೆ ತಿಳಿವು ಹುಟ್ಟಲಿಲ್ಲ. ಇವನಲ್ಲಿ ನಾಚಿಕೆಯಿದೆ, ನೋವಿದೆ, ಮೂಳೆ ಮುರಿದೀತೆಂಬ ಭಯವಿದೆ, ಕಳೆದುಹೋದ ಪುರುಷತನದ ಹೇಳಲಾರದ ಸಂಕಟವಿದೆ.

ತಿಳಿದೂ ಮಾಡದಿರುವ ಈ ಅವಸ್ಥೆಯು ಗ್ರೀಕ್ ದಾರ್ಶನಿಕರನ್ನೂ ಕಾಡಿದುದೇ. ಹಿತವನ್ನು ನಿಜವಾಗಿ ತಿಳಿದವನು ಅದನ್ನು ಮಾಡದೆ ಇರಲಾರನು, ಮಾಡದಿದ್ದರೆ ತಿಳಿದೇ ಇಲ್ಲವೆಂದರ್ಥ ಎಂಬುದು ಸಾಕ್ರಟೀಸನ ಪಕ್ಷ. ಅರಿಸ್ಟಾಟಲನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ತಿಳಿವು ಇದ್ದೂ ನಿದ್ರಿಸುವವನಲ್ಲಿ ಇರುವಂತೆ ಅದು ಮಂಕಾಗಿರಬಹುದೆಂದು ಅವನು ವಿವರಿಸಿದನು. ಈ ದೇಶದ ವೈದ್ಯಶಾಸ್ತ್ರವು ಇನ್ನೂ ಸೂಕ್ಷ್ಮವಾಗಿ ಇದನ್ನು ವಿಂಗಡಿಸಿರುವುದು ಗಮನಾರ್ಹ. ಚರಕಸಂಹಿತೆಯಲ್ಲಿ ರೋಗಕಾರಣಗಳನ್ನು ಹೇಳುವಾಗ ಪ್ರಜ್ಞಾಪರಾಧವೆಂಬುದೊಂದು ಬರುತ್ತದೆ. ಅದು ಮೂರು ಬಗೆಯ ಭ್ರಂಶದಿಂದ ಉಂಟಾಗುವುದು: ಧೀಭ್ರಂಶ, ಧೃತಿಭ್ರಂಶ, ಸ್ಮೃತಿಭ್ರಂಶ. ಹಿತಾಹಿತಗಳನ್ನು ಬೇರ್ಪಡಿಸಿ ತಿಳಿಯುವುದು ಧೀ. ತಿಳಿದುದರಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವುದು ಧೃತಿ. ತಿಳಿದುದು ಬೇಕಾದ ಹೊತ್ತಿಗೆ ನೆನಪಿಗೆ ಬರುವುದು ಸ್ಮೃತಿ. ಮೂರರಲ್ಲಿ ಯಾವುದು ತಪ್ಪಿದರೂ ಕ್ರಿಯೆಯು ತಪ್ಪುವುದು. ಮೇಲೆ ಹೇಳಿದ ಗೃಹಸ್ಥನಲ್ಲಿ ಧೀಯು ಕೆಟ್ಟಿಲ್ಲ. ಆದರೂ ಲೋಕವು ಅವನಿಗೆ ನೀಡುತ್ತಿರುವ ಮದ್ದೆಲ್ಲ ಧೀಗೆ ಸೇರಿದ್ದು: ಉಪದೇಶ, ಕೈಪಿಡಿ, ಅಂಕಿ ಅಂಶ, ಹೆದರಿಕೆ. ರೋಗವೊಂದೆಡೆ, ಲೇಪವೊಂದೆಡೆ.

ಮೊದಲು ಹೆದರಿಕೆಯನ್ನೇ ವಿಚಾರಿಸಬಹುದು. ಕ್ಯಾನ್ಸರ್ ಎಂಬ ಮಾತನ್ನು ಕೇಳಿದ ಗಳಿಗೆಯು ಮನುಷ್ಯನನ್ನು ಅಲುಗಾಡಿಸುತ್ತದೆ. ಆಗ ಅವನು ಏನು ಹೇಳಿದರೂ ಕಲಿಯುವನು. ಏನನ್ನು ಬಿಡೆಂದರೂ ಬಿಡುವನು. ಕಲಿಸುವುದಕ್ಕೆ ಅದೇ ಸುಸಮಯವೆಂದು ವೈದ್ಯರೂ ಹೇಳುವರು. ಆದರೆ ಭಯದ ಸ್ವಭಾವವೇ ಇಳಿಯುವುದು. ದಿನಗಳು ಕಳೆದು, ರಕ್ತಪರೀಕ್ಷೆಯ ಅಂಕವು ಒಳ್ಳೆಯದಾಗಿ ಬಂದಂತೆಲ್ಲ ಭಯವು ಕಡಮೆಯಾಗುವುದು. ಭಯದ ಮೇಲೆ ನಿಂತಿದ್ದ ವ್ಯಾಯಾಮವೂ ಅದರೊಡನೆ ಇಳಿಯುವುದು. ಅಂಕವು ಕೆಟ್ಟುದಾಗಿ ಬಂದರೋ, ಇಷ್ಟು ಮಾಡಿಯೂ ಏನು ಫಲವೆಂಬ ನಿರಾಶೆಯಿಂದ ಆಗಲೂ ನಿಲ್ಲುವುದು. ಶುಭವೂ ಅಶುಭವೂ ಎರಡೂ ಕೆಡಿಸಬಲ್ಲ ಪ್ರೇರಣೆಯನ್ನು ಗಟ್ಟಿಯಾದ ಅಡಿಗಲ್ಲೆಂದು ಹೇಳುವುದು ಹೇಗೆ?

ಹೊರಗಿನ ಬಹುಮಾನವೂ ಇಷ್ಟೇ. ಎಡ್ವರ್ಡ್ ಡೆಸಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು 1971ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ತುಂಡುಗಳನ್ನು ಜೋಡಿಸುವ ಒಗಟನ್ನು ವಿದ್ಯಾರ್ಥಿಗಳು ಸಂತೋಷದಿಂದಲೇ ಬಿಡಿಸುತ್ತಿದ್ದರು. ಕೆಲವರಿಗೆ ಒಂದು ದಿನ ಅದಕ್ಕಾಗಿ ಹಣ ಕೊಟ್ಟು, ಮರುಬಾರಿ ಹಣವನ್ನು ನಿಲ್ಲಿಸಲಾಗಿ, ಬಿಡುವಿನ ವೇಳೆಯಲ್ಲಿ ಅವರು ಆ ಒಗಟನ್ನು ಮುಟ್ಟುವುದು ಕಡಮೆಯಾಯಿತು. ಕೆಲಸದೊಳಗೇ ಇದ್ದ ಸಂತೋಷವನ್ನು ಕೂಲಿಯು ಹೊರಗೆಳೆದಿತ್ತು. ಭಯವೂ ಒಂದು ಬಗೆಯ ಕೂಲಿಯೇ. ಸಾವನ್ನು ದೂರವಿಡುವ ಸಂಬಳಕ್ಕಾಗಿ ನಡೆಯುವವನಿಗೆ ನಡಿಗೆಯಲ್ಲಿ ಸವಿ ಹುಟ್ಟುವುದು ಕಷ್ಟ.

ಸ್ಮೃತಿಯ ವಿಷಯದಲ್ಲಿ ಇಂಗ್ಲೆಂಡಿನಿಂದ 2002ರಲ್ಲಿ ವರದಿಯಾದ ಒಂದು ಚಿಕ್ಕ ಪ್ರಯೋಗವು ದೊಡ್ಡ ಮಾತನ್ನೇ ಹೇಳುತ್ತದೆ. ಅದರಲ್ಲಿದ್ದವರು ರೋಗಿಗಳಲ್ಲ, 248 ಮಂದಿ ಎಳೆಯ ವಿದ್ಯಾರ್ಥಿಗಳು. ವಾರದಲ್ಲಿ ಒಮ್ಮೆಯಾದರೂ ಇಪ್ಪತ್ತು ನಿಮಿಷ ಹುರುಪಿನ ವ್ಯಾಯಾಮ ಮಾಡುವರೇ ಎಂಬುದಷ್ಟೇ ಪರೀಕ್ಷೆ. ಏನನ್ನೂ ವಿಶೇಷವಾಗಿ ಹೇಳದಿದ್ದ ಗುಂಪಿನಲ್ಲಿ ಶೇಕಡಾ 38 ಮಂದಿ ಮಾಡಿದರು. ಹೃದ್ರೋಗದ ಭಯವನ್ನೂ ವ್ಯಾಯಾಮದ ಮಹಿಮೆಯನ್ನೂ ಓದಿಸಿದ ಗುಂಪಿನಲ್ಲಿ ಶೇಕಡಾ 35. ಅದನ್ನೇ ಓದಿಸಿ, ಅದರ ಜೊತೆಗೆ ‘ಇಂತಹ ದಿನ, ಇಂತಹ ಹೊತ್ತು, ಇಂತಹ ಸ್ಥಳದಲ್ಲಿ ಮಾಡುವೆನು’ ಎಂದು ಬರೆಯಿಸಿದ ಗುಂಪಿನಲ್ಲಿ ಶೇಕಡಾ 91. ಎಳೆಯರ ಒಂದು ವಾರದ ಲೆಕ್ಕವನ್ನು ಮುದುಕರ ಹತ್ತು ವರ್ಷಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೂ ತತ್ತ್ವವು ಗ್ರಾಹ್ಯ. ‘ನಾಳೆಯಿಂದ’ ಎಂಬುದು ಸಂಕಲ್ಪವಲ್ಲ, ಸಂಕಲ್ಪದ ನೆರಳು. ಕಾಲ ದೇಶಗಳನ್ನು ಉಚ್ಚರಿಸದೆ ಯಾವ ವ್ರತಸಂಕಲ್ಪವೂ ಆಗದೆಂದು ಹಿರಿಯರು ವಿಧಿಸಿದುದರಲ್ಲಿ ಮನಸ್ಸಿನ ಮರ್ಮವನ್ನು ಬಲ್ಲ ಜಾಣ್ಮೆಯಿದೆ. ಬೆಳಗಿನ ಕಾಫಿಯಾದ ಕೂಡಲೆ, ಕೆರೆಯ ಏರಿಯ ತನಕ ಎಂದು ಗೊತ್ತುಮಾಡಿಕೊಂಡವನಿಗೆ ಕಾಫಿಯ ಲೋಟವೇ ನೆನಪಿನ ಗಂಟೆಯಾಗುವುದು.

ಉಳಿದುದು ಧೃತಿ. ಇದೇ ಮೂರರಲ್ಲಿ ಕಠಿನವಾದುದು. ಧೃತಿಯು ಒಬ್ಬೊಬ್ಬನ ಎದೆಯೊಳಗೇ ಇರುವ ಸೊತ್ತೆಂದೂ, ಇದ್ದವನಿಗೆ ಇದೆ, ಇಲ್ಲದವನಿಗಿಲ್ಲವೆಂದೂ ಸಾಮಾನ್ಯ ತಿಳಿವಳಿಕೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ನಡೆದ ಒಂದು ಪ್ರಯೋಗವು ಈ ತಿಳಿವಳಿಕೆಯನ್ನು ಅಲುಗಿಸುತ್ತದೆ. ಹಾರ್ಮೋನು ಅಡಗಿಸುವ ಚಿಕಿತ್ಸೆಯಲ್ಲಿದ್ದ 57 ಮಂದಿ ಪುರುಷರನ್ನು ಅಲ್ಲಿಯ ಸಂಶೋಧಕರು ಆರಿಸಿಕೊಂಡರು. ಅವರ ಸರಾಸರಿ ವಯಸ್ಸು 67. ಅವರಲ್ಲಿ ಒಂದು ಭಾಗದವರನ್ನು ಫುಟ್‌ಬಾಲ್ ಮೈದಾನಕ್ಕೆ ಇಳಿಸಿದರು. ಮೂಳೆ ಸವೆದ ಮುದುಕರಿಗೆ ಚೆಂಡಾಟವೇ ಎಂದು ಕೇಳಿದವರು ನಕ್ಕಿರಬಹುದು. ವಾರಕ್ಕೆ ಎರಡು ಮೂರು ಬಾರಿಯಂತೆ ಹನ್ನೆರಡು ವಾರ ಅವರು ಆಡಿದರು. 2014ರಲ್ಲಿ ಫಲಿತಾಂಶ ಬಂದಿತು. ಚಿಕಿತ್ಸೆಯು ಕರಗಿಸುತ್ತಿದ್ದ ಮಾಂಸಖಂಡವು ಆಡಿದವರಲ್ಲಿ ಸರಾಸರಿ ಅರ್ಧ ಕಿಲೋ ತೂಕದಷ್ಟು ಬೆಳೆದಿತ್ತು. ಕಾಲಿನ ಬಲವೂ ಹೆಚ್ಚಿತ್ತು. ಆಟದಲ್ಲಿ ಕೆಲವರಿಗೆ ಪೆಟ್ಟಾಯಿತು, ಮೂಳೆ ಮುರಿದುದೂ ಉಂಟು. ಅದನ್ನು ಮರೆಮಾಚಬೇಕಾದುದಿಲ್ಲ.

ಆ ಆಟಗಾರರು ಹೇಳಿಕೊಂಡುದು ಮಾಂಸಖಂಡದ ಲೆಕ್ಕಕ್ಕಿಂತ ಹೆಚ್ಚಿನದು. ಮೈದಾನದಲ್ಲಿ ತಾವು ರೋಗಿಗಳಲ್ಲ, ಆಟಗಾರರು ಎಂಬ ಭಾವನೆಯು ಅವರಿಗೆ ಉಂಟಾಯಿತು. ಒಬ್ಬನು ಬಾರದಿದ್ದರೆ ತಂಡಕ್ಕೆ ಕೊರತೆ, ಆದುದರಿಂದ ಬರಬೇಕು. ರೋಗದ ಮಾತನ್ನು ಆಡಲೇಬೇಕೆಂಬ ಒತ್ತಾಯವಿಲ್ಲ, ಆಡಿದರೆ ಕೇಳುವವರೆಲ್ಲ ಅದೇ ದಾರಿಯಲ್ಲಿ ಬಂದವರು. ಮೈ ಬಿಸಿಯೇರಿದರೆ, ಮೂತ್ರ ತಡೆಯದಿದ್ದರೆ ನಾಚಬೇಕಾದುದಿಲ್ಲ, ಪಕ್ಕದವನಿಗೂ ಅದೇ ತೊಂದರೆಯಿದೆ. ನಾಚಿಕೆಯಿಂದ ಮನೆಯಲ್ಲಿ ಕುಳಿತವನಿಗೂ ಇವನಿಗೂ ಅಂತರವು ಎದೆಗಾರಿಕೆಯಲ್ಲಿಲ್ಲ, ಜೊತೆಯಲ್ಲಿದೆ. ಮುಂದೆ ಅದೇ ದೇಶದಲ್ಲಿ ಊರೂರಿನ ಚೆಂಡಾಟದ ಸಂಘಗಳಲ್ಲಿ 214 ಮಂದಿಯೊಡನೆ ಇದನ್ನು ದೊಡ್ಡದಾಗಿ ನಡೆಯಿಸಿ, ಒಂದು ವರ್ಷದ ಫಲವನ್ನು 2019ರಲ್ಲಿ ಪ್ರಕಟಿಸಿದರು. ರೋಗಕ್ಕೇ ಸಂಬಂಧಿಸಿದ ತೊಂದರೆಗಳ ಅಳತೆಯಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಆಟಕ್ಕೆ ಕಳುಹಿಸಿದವರ ಮನಸ್ಸಿನ ಆರೋಗ್ಯವು ಮೇಲಾಗಿತ್ತು. ಫಲವು ಇಷ್ಟೇ ಎಂದು ತಿಳಿದರೂ ಅದು ಸಣ್ಣದಲ್ಲ.

2025ರ ಜೂನ್ ತಿಂಗಳಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ಇದೇ ಮಾತನ್ನು ಬೇರೊಂದು ದಾರಿಯಿಂದ ಹೇಳುತ್ತದೆ. ಅದು ದೊಡ್ಡ ಕರುಳಿನ ಕ್ಯಾನ್ಸರಿಗೆ ಸೇರಿದುದು. ಪ್ರಾಸ್ಟೇಟಿನ ವಿಷಯದಲ್ಲಿ ಅದನ್ನು ಪ್ರಮಾಣವಾಗಿ ಹಿಡಿಯಲಾಗದು. ಹೆಚ್ಚಾಗಿ ಕೆನಡಾ ಮತ್ತು ಆಸ್ಟ್ರೇಲಿಯಗಳಲ್ಲಿ ನಡೆದ ಆ ಪ್ರಯೋಗದಲ್ಲಿ 889 ಮಂದಿಯನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ವ್ಯಾಯಾಮದ ಹಿತವನ್ನು ತಿಳಿಸುವ ಪುಸ್ತಕಗಳನ್ನು ಕೊಟ್ಟರು. ಇನ್ನೊಂದು ಪಾಲಿಗೆ ಪುಸ್ತಕಗಳ ಜೊತೆಗೆ, ಮೂರು ವರ್ಷಗಳ ಕಾಲ ಗೊತ್ತಾದ ಹೊತ್ತಿಗೆ ಮಾತಾಡಿಸಿ, ದಾರಿ ತೋರಿ, ಜೊತೆಗೆ ನಿಂತು ಮಾಡಿಸುವ ಮಾರ್ಗದರ್ಶಕರನ್ನು ಕೊಟ್ಟರು. ಎಂಟು ವರ್ಷಗಳ ಬಳಿಕ ಬದುಕಿದ್ದವರು ಮೊದಲನೆಯ ಪಾಲಿನಲ್ಲಿ ಶೇಕಡಾ 83.2, ಎರಡನೆಯದರಲ್ಲಿ ಶೇಕಡಾ 90.3. ಅರಿವನ್ನು ಇಬ್ಬರಿಗೂ ಕೊಟ್ಟಿದ್ದರು. ಒಬ್ಬರಿಗೆ ಅರಿವಿನ ಜೊತೆಗೆ ಕೈಹಿಡಿಯುವವರನ್ನೂ ಕೊಟ್ಟಿದ್ದರು.

ಇಲ್ಲಿ ಒಂದು ಆಕ್ಷೇಪಣೆಯು ಏಳಬಹುದು. ಇನ್ನೊಬ್ಬರು ಕಾಯುತ್ತಿರುವರೆಂಬ ದಾಕ್ಷಿಣ್ಯದಿಂದ ಮಾಡಿದ ಕ್ರಿಯೆಗೆ ಬೆಲೆಯೇನು? ಸ್ವಂತ ದೃಢತೆಯಿಂದ ಮಾಡಿದುದೇ ನಿಜವಾದ ಆಚಾರವಲ್ಲವೆ? ಮೇಲುನೋಟಕ್ಕೆ ಇದು ಯುಕ್ತವೇ. ಆದರೆ ಯಾವ ಮನುಷ್ಯನ ದೃಢತೆಯು ಅವನೊಬ್ಬನದೇ ಆಗಿದೆ? ಮಾತು ಕಲಿತುದು ತಾಯಿಯಿಂದ, ನಡೆ ಕಲಿತುದು ಅವಳ ಬೆರಳು ಹಿಡಿದು, ಅಕ್ಷರ ಕಲಿತುದು ಓದಿನ ಹೊತ್ತಿಗೆ ಕಾಯುತ್ತಿದ್ದ ಗುರುವಿನ ಭಯಭಕ್ತಿಗಳಿಂದ. ಸಜ್ಜನರ ಸಂಗವನ್ನು ಹಿರಿಯರು ಹೊಗಳಿದುದು ಸಂಗದಿಂದ ಮಾತು ಸವಿಯಾಗುವುದೆಂದಲ್ಲ, ಒಬ್ಬನೇ ಇದ್ದಾಗ ಜಾರುವ ಮನಸ್ಸು ನಾಲ್ವರ ನಡುವೆ ನಿಲ್ಲುವುದೆಂದು. ದಾಕ್ಷಿಣ್ಯದಿಂದ ಮೊದಲಾದುದು ಅಭ್ಯಾಸವಾಗಿ, ಅಭ್ಯಾಸವು ಸವಿಯಾಗಿ, ಸವಿಯಾದುದು ಸ್ವಭಾವವಾಗುವ ಕ್ರಮವು ಎಲ್ಲ ಸಾಧನೆಗಳಲ್ಲೂ ಕಾಣಬರುವುದು. ನಡೆಯಲು ಹೊರಟವನು ಮೊದಲ ದಿನ ಮರಣಭಯದಿಂದ ಹೊರಟಿರಬಹುದು. ನೂರನೆಯ ದಿನ ಗೆಳೆಯನಿಗಾಗಿ ಹೊರಟಾನು. ಸಾವಿರದ ದಿನ ಬೆಳಗಿನ ಗಾಳಿಗಾಗಿಯೇ ಹೊರಟಾನು. ಕಾಯದಿಂದ ಮಾಡುವ ಕಾರ್ಯವು ಫಲದ ಲೆಕ್ಕವನ್ನು ಬಿಟ್ಟು ತನ್ನಲ್ಲಿಯೇ ತೃಪ್ತಿಯಾಗುವುದು ಆಗ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದುದು. ವ್ಯಾಯಾಮದ ಮಹಿಮೆಯನ್ನು ಹೇಳುವವರು ತಮಗರಿವಿಲ್ಲದೆಯೇ ಒಂದು ಕ್ರೌರ್ಯವನ್ನು ಮಾಡಬಲ್ಲರು. ರೋಗವು ಮರಳಿ ಬಂದವನ ಬಳಿಗೆ ಹೋಗಿ, “ನಡೆಯಲು ಹೇಳಿದ್ದೆವು, ನೀವು ನಡೆಯಲಿಲ್ಲ” ಎನ್ನುವುದು ಅಂತಹ ಕ್ರೌರ್ಯ. ದಿನವೂ ನಡೆದವನಲ್ಲೂ ಅರ್ಬುದವು ಮರುಕಳಿಸುವುದುಂಟು. ಒಂದು ಹೆಜ್ಜೆಯನ್ನೂ ನಡೆಯದವನು ತೊಂಬತ್ತು ವರ್ಷ ಬಾಳುವುದುಂಟು. ಸಂಭವದ ಲೆಕ್ಕವು ಸಮೂಹಕ್ಕೆ ಸೇರಿದುದು. ಒಬ್ಬನ ತಲೆಯ ಮೇಲೆ ಅಪರಾಧವನ್ನು ಹೊರಿಸಲು ಅದು ಸಾಕ್ಷಿಯಾಗದು. ಪ್ರಜ್ಞಾಪರಾಧವೆಂಬ ಶಬ್ದದಲ್ಲಿ ಅಪರಾಧವೆಂದಿರುವುದು ದಂಡನೆಗಾಗಿ ಅಲ್ಲ, ಚಿಕಿತ್ಸೆಗಾಗಿ. ವ್ಯಾಯಾಮವು ಯಮನೊಡನೆ ಮಾಡಿಕೊಂಡ ಒಪ್ಪಂದವಲ್ಲ. ಇಷ್ಟು ನಡೆದೆ, ಇಷ್ಟು ವರ್ಷ ಕೊಡು ಎಂದು ಕೇಳುವಂತಿಲ್ಲ. ಇರುವ ದಿನಗಳನ್ನು ಎದ್ದು ನಿಂತು ಬಾಳುವುದಕ್ಕೆ ಅದು ಸಾಧನ. ಅಷ್ಟರಿಂದಲೇ ಅದು ಮಾನ್ಯ.

ಅದರಲ್ಲಿಯೂ ಮಿತಿಯುಂಟು. ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂದೂ, ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರಗಳನ್ನು ನೋಡಿಕೊಂಡು ಮಾಡಬೇಕೆಂದೂ ಸುಶ್ರುತಸಂಹಿತೆಯು ವಿಧಿಸುತ್ತದೆ. ಉಸಿರು ಬಾಯಿಂದ ಬರತೊಡಗುವುದು ಅರ್ಧಬಲದ ಲಕ್ಷಣವೆಂದು ಅಲ್ಲಿ ಹೇಳಿದೆ. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಮಧ್ಯಮ ಶ್ರಮವೆಂದು ಇಂದಿನವರು ಹೇಳುವುದೂ ಹೆಚ್ಚುಕಡಮೆ ಇದನ್ನೇ. ರೋಗವು ಮೂಳೆಗೆ ಹರಡಿರುವವರು, ಹೃದಯದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಭಾರವೆತ್ತುವ ಸಾಹಸಕ್ಕೆ ಹೋಗತಕ್ಕುದಲ್ಲ. ಮೂತ್ರದ ಹಿಡಿತ ತಪ್ಪಿದವರಿಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿದು ಸಡಿಲಿಸುವ ಅಭ್ಯಾಸವುಂಟು. ಆರ್ನಾಲ್ಡ್ ಕೀಗೆಲ್ ಎಂಬ ವೈದ್ಯನು 1948ರಲ್ಲಿ ಬಾಣಂತಿಯರೇ ಮೊದಲಾದ ಸ್ತ್ರೀಯರಿಗಾಗಿ ಪ್ರಚಾರಕ್ಕೆ ತಂದ ಆ ಅಭ್ಯಾಸವನ್ನು ಈಗ ಈ ಶಸ್ತ್ರಚಿಕಿತ್ಸೆಯಾದ ಪುರುಷರಿಗೂ ಕಲಿಸುವರು. ಅದನ್ನು ಕುಳಿತಲ್ಲಿಯೇ, ಯಾರಿಗೂ ತಿಳಿಯದಂತೆ ಮಾಡಬಹುದು. ನಾಚಿಕೆಯ ಕಟ್ಟನ್ನು ಬಿಡಿಸಲು ಮೊದಲ ಮೆಟ್ಟಿಲು ಅದೇ ಆಗಬಹುದು.

ಹೀಗೆ ವಿಚಾರಿಸಲಾಗಿ ಮೊದಲ ಪ್ರಶ್ನೆಗೆ ಉತ್ತರವು ತಾನೇ ಮೂಡುವುದು. ಅರಿವು ಆಚಾರವಾಗದಿರುವುದು ಒಬ್ಬನ ದೋಷವೆಂದು ತಿಳಿದುದೇ ತಪ್ಪು. ಅದರಲ್ಲಿ ಅವನ ಪಾಲೂ ಉಂಟು, ಅವನ ಸುತ್ತಣವರ ಪಾಲೂ ಉಂಟು. ಹೊತ್ತು ಗೊತ್ತುಮಾಡುವುದು, ಬಲವರಿತು ತೊಡಗುವುದು, ತಪ್ಪಿದ ಮರುದಿನ ಮತ್ತೆ ಏಳುವುದು, ಇವು ಅವನ ಪಾಲು. ಚಿಕಿತ್ಸೆ ಮುಗಿದೊಡನೆ ಒಂದು ಮಾತು ಹೇಳಿ ಕಳುಹಿಸಿಬಿಡದೆ, ಮುಂದಿನ ಬಾರಿ ಬಂದಾಗ ರಕ್ತದ ಅಂಕವನ್ನು ಕೇಳುವಂತೆಯೇ ನಡಿಗೆಯನ್ನೂ ಕೇಳುವುದು ವೈದ್ಯನ ಪಾಲು. ಮಲಗಿರೆಂದು ಪ್ರೀತಿಯಿಂದ ತಡೆಯುವ ಬದಲು ಜೊತೆಗೆ ಎದ್ದು ಹೊರಡುವುದು ಮನೆಯವರ ಪಾಲು. ಹೊಸ ಪಾದರಕ್ಷೆಗಳನ್ನು ಕೊಂಡುತಂದ ಮಗನು ಅವುಗಳನ್ನು ಬಾಗಿಲಲ್ಲಿಟ್ಟು ತನ್ನ ಕೆಲಸ ಮುಗಿಯಿತೆಂದುಕೊಂಡನು. ಅವನು ತನ್ನ ಪಾದರಕ್ಷೆಗಳನ್ನೂ ಪಕ್ಕದಲ್ಲಿ ಬಿಟ್ಟು, ಬೆಳಗಿನ ಆರು ಗಂಟೆಗೆ ಬಾಗಿಲ ಬಳಿ ನಿಂತು, “ಅಪ್ಪಾ, ಹೊರಡೋಣವೆ?” ಎಂದು ಕರೆದರೆ ಆ ಮುದುಕನು ಬಾರದೆ ಇರುವನೆ? ಹಿತವನ್ನು ಹೇಳುವವರು ಲೋಕದಲ್ಲಿ ಬಹಳ. ಹೇಳಿ, ತಾವೂ ಎದ್ದು, ನಾಲ್ಕು ಹೆಜ್ಜೆ ಜೊತೆಗೆ ನಡೆಯುವವರು ಹೆಚ್ಚಲಿ.